ಹೊಸಬರಿಗೆ ಕಯಾಕ್ ಕಲಿಸೋಕೆ ಹೊಳೆಯಲ್ಲಿ ಯಾವ ಜಾಗ ಆರಿಸ್ಕೋಬೇಕು?

ಪ್ರಶ್ನೆ: ನಾನು ನಾಲ್ಕೈದು ವರ್ಷದಿಂದ ಕಯಾಕಿಂಗ್ ಮಾಡ್ತಿದೀನಿ, ಹರಿಯೋ ನೀರಲ್ಲೂ ತಕ್ಕಮಟ್ಟಿಗೆ ಅಭ್ಯಾಸ ಇದೆ. ಈಗ ಪರಿಚಯದವರು ಎಂಟು ಜನ ನಮಗೂ ಕಲಿಸಿ ಅಂತ ಗಂಟುಬಿದ್ದಿದಾರೆ. ಅವರಲ್ಲಿ ಇಬ್ಬರು 12 ವರ್ಷದ ಮಕ್ಕಳು, ಮೂರು ಜನ ದೊಡ್ಡವರಿಗೆ ಈಜು ಬರಲ್ಲ, ಒಬ್ಬರು ಕಯಾಕ್ ಬದಲು ಪ್ಯಾಡಲ್ ಬೋರ್ಡ್ (ಮೇಲೆ ನಿಂತು ಹುಟ್ಟು ಹಾಕೋ ಹಲಗೆ) ತರ್ತಾರಂತೆ. ಮೂರು ಜಾಗ ನೋಡಿಟ್ಟಿದೀನಿ. ಒಂದನೇದು ಸೇತುವೆ ಪಕ್ಕ, ಹೊಳೆ ಅಗಲವಾಗಿದೆ, ನೀರು ಅಲ್ಲಾಡೋದೇ ಇಲ್ಲ ಅನ್ನೋಷ್ಟು ಶಾಂತ, ಗಾಡಿ ನಿಲ್ಸೋಕೂ ಜಾಗ ಇದೆ. ಅಲ್ಲಿಂದ ಸುಮಾರು 400 ಮೀಟರ್ ಕೆಳಗೆ ಒಂದು ಅಡ್ಡಗಟ್ಟೆ, ಒಂದು ಮೀಟರ್ ಎತ್ತರ ಇರಬಹುದು ಅಷ್ಟೆ. ಎರಡನೇದು ಇನ್ನೂ ಮೇಲ್ಗಡೆ, ಅಲ್ಲಿ ಹೊಳೆ ಕಿರಿದು, ಮಂಡಿಯಿಂದ ಸೊಂಟದವರೆಗೆ ನೀರು, ತಳದಲ್ಲಿ ಉರುಟು ಕಲ್ಲು, ಸಣ್ಣ ಅಲೆ ಏಳುತ್ತೆ. ಒಂದು ತಿರುವಲ್ಲಿ ಮರ ಬಿದ್ಕೊಂಡಿದೆ, ಅದರ ಕೆಳಗೆ ಸ್ವಲ್ಪ ದೂರ ಹರಿದು ದೊಡ್ಡ ಮಡು ಸೇರುತ್ತೆ. ಮೂರನೇದು ಜಲವಿದ್ಯುತ್ ಅಣೆಕಟ್ಟಿನ ಕೆಳಗಿನ 5 ಕಿಲೋಮೀಟರ್, ನೋಡೋಕೆ ಬಲು ಚಂದ, ಒಂದನೇ ದರ್ಜೆ ನೀರು ಅಂತಾರೆ. ನನ್ನ ಮನಸ್ಸು ಒಂದನೇದರ ಮೇಲಿದೆ. ಒಬ್ಬ ಗೆಳೆಯ "ನೀರು ಕಮ್ಮಿ ಇರೋ ಕಡೆ ಹೋಗು, ಬಿದ್ರೆ ಎದ್ದು ನಿಂತ್ಕೋಬಹುದು" ಅಂತಾನೆ, ಇನ್ನೊಬ್ಬ "ಮಳೆ ಬಂದು ನೀರು ಏರಲಿ, ಕಲ್ಲೆಲ್ಲ ಮುಚ್ಚಿಹೋಗುತ್ತೆ, ಆಗ ಹೋಗು" ಅಂತಾನೆ. ಯಾವುದು ಸರಿ? ಆಮೇಲೆ ಆ ಮಕ್ಕಳನ್ನ ಇಬ್ಬರು ಕೂರೋ ಕಯಾಕಲ್ಲಿ ಒಟ್ಟಿಗೆ ಕೂರಿಸಬಹುದಾ?

ಉತ್ತರ: ಅಡ್ಡಗಟ್ಟೆ ಎಷ್ಟು ದೂರ, ಮರ ಎಲ್ಲಿ ಬಿದ್ದಿದೆ, ಯಾರಿಗೆ ಈಜು ಬರಲ್ಲ ಅಂತೆಲ್ಲ ಬರೆದಿದೀರಲ್ಲ, ಅದಕ್ಕೇ ನಿಮಗೆ ನೇರವಾಗಿ ಉತ್ತರ ಕೊಡೋಕೆ ಆಗ್ತಿದೆ, ಹೆಚ್ಚಿನವರು "ನೀರು ಶಾಂತವಾಗಿದೆ ಸಾರ್, ಪರವಾಗಿಲ್ವಾ" ಅಂತ ಒಂದು ಸಾಲು ಬರೆದು ಬಿಡ್ತಾರೆ. ನಿಮ್ಮ ಚಿಂತೆ ನನಗೆ ಅರ್ಥ ಆಗಿದ್ದು ಹೀಗೆ: ಹೊಸಬರು ಮಗುಚೋದಂತೂ ಖಾತ್ರಿ, ಹಾಗೆ ಮಗುಚಿದಾಗ ಯಾರಿಗೂ ಏನೂ ಆಗಬಾರದು, ಆದ್ರೆ ಹರಿಯೋ ನೀರು ಅಂದ್ರೆ ಏನು ಅನ್ನೋದೂ ಅವರಿಗೆ ಗೊತ್ತಾಗಬೇಕು. ನನ್ನ ಆಯ್ಕೆ ಎರಡನೇ ಜಾಗ, ಅದರಲ್ಲೂ ಬಿದ್ದ ಮರದಿಂದ ಕೆಳಗಿನ ಭಾಗ ಮಾತ್ರ, ಪಾಠ ಶುರು ಮಾಡೋದು ಮಡುವಿನಲ್ಲಿ. ಸೇತುವೆ ಪಕ್ಕದ್ದು ಬೇಡವೇ ಬೇಡ. ಅಣೆಕಟ್ಟಿನ ಕೆಳಗಿನದು ಇವರಿಗೆ ಈಗಲೇ ಅಲ್ಲ.

ಜಾಗ ನೋಡೋಕೆ ಹೋದಾಗ ನಾನು ದಡದಲ್ಲಿ ನಿಂತು ಕೇಳ್ಕೊಳ್ಳೋ ಪ್ರಶ್ನೆ ಒಂದೇ. ಇಲ್ಲಿ ಒಬ್ಬರು ಮಗುಚಿದ್ರು, ಬೋಟು ಕೈ ಬಿಡ್ತು, ಪ್ಯಾಡಲ್ ಹೋಯ್ತು, ಗಾಬರಿಯಲ್ಲಿ ಅವರು ಏನೂ ಮಾಡ್ತಿಲ್ಲ ಅಂದ್ಕೊಳ್ಳಿ, ಮುಂದಿನ ಎರಡು ಮೂರು ನಿಮಿಷದಲ್ಲಿ ನೀರು ಅವರನ್ನ ಎಲ್ಲಿಗೆ ತಗೊಂಡು ಹೋಗಿ ಬಿಡುತ್ತೆ? ಮರಳು ದಂಡೆಗೋ, ನಿಂತ ಮಡುವಿಗೋ, ಮರದ ಕೊಂಬೆಗೋ, ಕಟ್ಟೆಗೋ? ಮೇಲಿನಿಂದ ನೀರು ಎಷ್ಟು ಶಾಂತವಾಗಿ ಕಾಣುತ್ತೆ ಅನ್ನೋದು ಈ ಪ್ರಶ್ನೆ ಆದ ಮೇಲೆ ಬರೋ ವಿಷಯ. ನಿಮ್ಮ ಮೂರು ಜಾಗಕ್ಕೂ ಈ ಪ್ರಶ್ನೆ ಹಾಕಿ ನೋಡೋಣ.

ಮೊದಲು ಸೇತುವೆ ಪಕ್ಕದ್ದು. ಅಲ್ಲಿ ನೀರು ಯಾಕೆ ಅಷ್ಟು ಶಾಂತ? ಕೆಳಗಿನ ಅಡ್ಡಗಟ್ಟೆ ಹಿಡಿದು ನಿಲ್ಸಿರೋದ್ರಿಂದ. ಅಂದ್ರೆ ನಿಮಗೆ ಇಷ್ಟ ಆದ ಶಾಂತಿಗೂ ಅಲ್ಲಿರೋ ಅಪಾಯಕ್ಕೂ ಕಾರಣ ಒಂದೇ. ಕಟ್ಟೆ ಮೇಲಿನಿಂದ ಬೀಳೋ ನೀರು ನೇರ ತಳಕ್ಕೆ ಇಳಿಯುತ್ತೆ, ಸ್ವಲ್ಪ ಮುಂದೆ ಹೋಗಿ ಮೇಲೆ ಬರುತ್ತೆ, ಹಾಗೆ ಮೇಲೆ ಬಂದ ನೀರಲ್ಲಿ ಒಂದಷ್ಟು ವಾಪಸ್ ಕಟ್ಟೆ ಕಡೆಗೇ ಹರಿಯುತ್ತೆ. ಅಲ್ಲಿ ಸಿಕ್ಕಿದ ಮನುಷ್ಯ ತೇಲ್ತಾನೆ, ವಾಪಸ್ ಹರಿಯೋ ನೀರು ಅವನನ್ನ ಕಟ್ಟೆ ಕಡೆಗೆ ಎಳೆಯುತ್ತೆ, ಬೀಳೋ ನೀರು ಕೆಳಗೆ ಅದುಮುತ್ತೆ, ಮತ್ತೆ ಮೇಲೆ ಬರ್ತಾನೆ, ಮತ್ತೆ ಅದೇ ಸುತ್ತು. ನೊರೆ ನೀರಲ್ಲಿ ಗಾಳಿ ಬೆರೆತಿರೋದ್ರಿಂದ ಲೈಫ್ ಜಾಕೆಟ್ ಕೂಡ ಎಂದಿನ ಹಾಗೆ ಎತ್ತಲ್ಲ, ಪ್ಯಾಡಲ್ಲಿಗೆ ಹಿಡಿತ ಸಿಗಲ್ಲ. ನೈಸರ್ಗಿಕ ಬಂಡೆ ಸಾಲಿನಲ್ಲಿ ಎಲ್ಲೋ ಒಂದು ಕಡೆ ನೀರು ಬಿಟ್ಕೊಟ್ಟು ಹೊರಗೆ ಹೋಗೋ ದಾರಿ ಇರುತ್ತೆ, ಮನುಷ್ಯ ಕಟ್ಟಿದ ಕಟ್ಟೆ ದಡದಿಂದ ದಡಕ್ಕೆ ಒಂದೇ ಸಮ ಇರೋದ್ರಿಂದ ಆ ದಾರಿಯೂ ಇರಲ್ಲ. ಒಂದು ಮೀಟರ್ ಅಷ್ಟೆ ಅಂತ ಬರೆದಿದೀರಿ, ಅದಕ್ಕಿಂತ ಕಮ್ಮಿ ಎತ್ತರದ ಕಟ್ಟೆಗಳೂ ಜೀವ ತಗೊಂಡಿವೆ. ಇನ್ನೊಂದು ಏನಂದ್ರೆ ಬೋಟಲ್ಲಿ ಕೂತು ಮೇಲಿನಿಂದ ಬರೋವಾಗ ಕಟ್ಟೆ ಕಾಣಲ್ಲ, ನೀರು ನುಣ್ಣಗೆ ಒಂದು ಗೆರೆ ಎಳೆದ ಹಾಗೆ ಮುಗಿದಿರೋದು ಮಾತ್ರ ಕಾಣುತ್ತೆ.

2021ರ ಅಕ್ಟೋಬರ್ 30ರಂದು ವೇಲ್ಸ್‌ನ ಹ್ಯಾವರ್‌ಫರ್ಡ್‌ವೆಸ್ಟ್‌ನಲ್ಲಿ ಒಂಬತ್ತು ಜನರ ಪ್ಯಾಡಲ್ ಬೋರ್ಡ್ ಗುಂಪು ಹೋಗಿತ್ತು, ಮಳೆ ಬಂದು ಹೊಳೆ ಏರಿತ್ತು, ಊರೊಳಗಿನ ಒಂದು ಅಡ್ಡಗಟ್ಟೆಯಲ್ಲಿ ಸಿಕ್ಕಿ ನಾಲ್ಕು ಜನ ತೀರಿಹೋದ್ರು. ಹೆದರಿಸೋಕೆ ಹೇಳ್ತಿಲ್ಲ, ಕಟ್ಟೆ ಸಣ್ಣದು ಅನ್ನೋ ಮಾತು ಬಂದಾಗೆಲ್ಲ ನನಗೆ ಇದು ನೆನಪಾಗುತ್ತೆ.

"400 ಮೀಟರ್ ದೂರ ಇದೆಯಲ್ಲ, ಅಷ್ಟರಲ್ಲಿ ಹಿಡಿಯಲ್ವಾ" ಅಂತ ನಿಮಗೆ ಅನ್ನಿಸಬಹುದು. ಲೆಕ್ಕ ಹಾಕಿ. ನೀರು ಸೆಕೆಂಡಿಗೆ ಅರ್ಧ ಮೀಟರ್ ಹರೀತಿದ್ರೆ, ಅದು ಕಣ್ಣಿಗೆ ಹೆಚ್ಚುಕಮ್ಮಿ ನಿಂತ ಹಾಗೇ ಕಾಣುತ್ತೆ, 400 ಮೀಟರ್ ದಾಟೋಕೆ ಹದಿಮೂರು ನಿಮಿಷ. ಸೆಕೆಂಡಿಗೆ ಒಂದು ಮೀಟರ್ ಆದ್ರೆ ಏಳು ನಿಮಿಷವೂ ಇಲ್ಲ. ಒಬ್ಬರು ಮಗುಚಿದ್ರು, ಅವರನ್ನ ದಡಕ್ಕೆ ತಂದು ಬೋಟಿನ ನೀರು ಖಾಲಿ ಮಾಡಿ ಮತ್ತೆ ಕೂರಿಸೋ ಹೊತ್ತಿಗೆ ಹತ್ತು ನಿಮಿಷ ಆರಾಮಾಗಿ ಹೋಗುತ್ತೆ, ಆ ಹೊತ್ತಲ್ಲಿ ಮಿಕ್ಕ ಏಳು ಜನ ಎಲ್ಲಿದಾರೆ? ಸುಮ್ನೆ ಕೂತು ನಿಮ್ಮನ್ನ ನೋಡ್ತಾ ಕೆಳಗೆ ತೇಲಿಹೋಗ್ತಿರ್ತಾರೆ.

ಈಗ ನಿಮ್ಮ ಮೊದಲ ಗೆಳೆಯರ ಮಾತು, ನೀರು ಕಮ್ಮಿ ಇದ್ರೆ ಎದ್ದು ನಿಂತ್ಕೋಬಹುದು ಅನ್ನೋದು. ಇದು ಅರ್ಧ ನಿಜ, ಆ ಅರ್ಧದಿಂದಲೇ ಕಷ್ಟ. ನಿಂತ ನೀರಲ್ಲಿ, ಮಡುವಿನ ಅಂಚಲ್ಲಿ, ಸೊಂಟದ ಮಟ್ಟದ ನೀರಿದ್ರೆ ಖಂಡಿತ ನಿಲ್ಲಿ, ಹೊಸಬರಿಗೆ ಅದಕ್ಕಿಂತ ದೊಡ್ಡ ಧೈರ್ಯ ಇಲ್ಲ. ಆದ್ರೆ ರಭಸವಾಗಿ ಹರಿಯೋ ನೀರು ಮಂಡಿಗಿಂತ ಮೇಲೆ ಇರೋ ಕಡೆ ನಿಲ್ಲೋಕೆ ಹೋದ್ರೆ ಪಾದ ಎರಡು ಕಲ್ಲಿನ ಮಧ್ಯೆ ಹೊಕ್ಕು ಸಿಕ್ಕಿಹಾಕಿಕೊಳ್ಳುತ್ತೆ, ಹಿಂದಿನಿಂದ ನೀರು ಮೈಯನ್ನ ಮುಂದಕ್ಕೆ ಬಗ್ಗಿಸುತ್ತೆ, ಆಮೇಲೆ ಸೊಂಟದ ಮಟ್ಟದ ನೀರಲ್ಲೇ ತಲೆ ಎತ್ತೋಕೆ ಆಗಲ್ಲ. ಅಲ್ಲಿ ಜಾಕೆಟ್ಟೂ ಉಪಯೋಗಕ್ಕೆ ಬರಲ್ಲ, ಈಜೂ ಉಪಯೋಗಕ್ಕೆ ಬರಲ್ಲ. ನೀರಿನ ವೇಗ ಎರಡರಷ್ಟಾದ್ರೆ ಅದು ತಳ್ಳೋ ಬಲ ನಾಲ್ಕರಷ್ಟಾಗುತ್ತೆ ಅನ್ನೋದನ್ನ ನೆನಪಿಟ್ಕೊಂಡ್ರೆ ಇದು ಯಾಕೆ ಹೀಗೆ ಅಂತ ಗೊತ್ತಾಗುತ್ತೆ. ಹಾಗಾಗಿ ನಿಮ್ಮ ಎಂಟೂ ಜನಕ್ಕೆ ನೀರಿಗಿಳಿಯೋ ಮೊದಲೇ ಬಾಯಿಪಾಠ ಮಾಡಿಸಬೇಕಾದ್ದು: ಹರಿಯೋ ನೀರಲ್ಲಿ ಬಿದ್ರೆ ಅಂಗಾತ ಮಲಗೋದು, ಕಾಲು ನೀರು ಹರಿದು ಹೋಗೋ ದಿಕ್ಕಿಗೆ, ಪಾದ ನೀರಿನ ಮೇಲ್ಮೈ ಹತ್ರ, ಕೈಯಲ್ಲಿ ಮೆಲ್ಲಗೆ ದಡದ ಕಡೆ ಎಳ್ಕೊಳ್ಳೋದು, ಬೆನ್ನಿಗೆ ನೆಲ ತಾಗೋವಷ್ಟು ನೀರು ಕಮ್ಮಿ ಆದ ಮೇಲೆ ಏಳೋದು. ಇದನ್ನ ದಡದ ಮೇಲೆ ಹುಲ್ಲಲ್ಲಿ ಮಲಗಿಸಿಯೇ ಮಾಡಿಸಿ, ನಗ್ತಾರೆ, ನಗಲಿ. ಇನ್ನು ತೀರಾ ಕಮ್ಮಿ ನೀರಿಗೂ ಒಂದು ತೊಂದರೆ ಇದೆ, ಮೊಳ ಆಳದಲ್ಲಿ ಮಗುಚಿದ್ರೆ ತಲೆ ನೇರ ಕಲ್ಲಿಗೆ, ಅದಕ್ಕೆ ನಿಮ್ಮ ಎರಡನೇ ಜಾಗದಲ್ಲಿ ಹೆಲ್ಮೆಟ್ ಇಲ್ಲದೆ ಯಾರೂ ಬೋಟು ಹತ್ತಬಾರದು.

ಎರಡನೇ ಗೆಳೆಯರ ಮಾತು ಇದಕ್ಕಿಂತ ಅಪಾಯ. ನೀರು ಏರಿದ್ರೆ ಕಲ್ಲು ಮುಚ್ಚೋದು ನಿಜ, ಜೊತೆಗೆ ಕಲ್ಲಿನ ಹಿಂದೆ ನೀರು ನಿಧಾನವಾಗಿ ಸುತ್ತೋ ಜಾಗ ಇರುತ್ತಲ್ಲ, ಎಡ್ಡಿ ಅಂತಾರೆ, ಅವೂ ಮುಚ್ಚಿಹೋಗುತ್ತವೆ, ಅಂದ್ರೆ ಹರಿವಿನ ಮಧ್ಯೆ ನಿಂತು ಉಸಿರಾಡೋಕೆ ಇದ್ದ ತಾಣಗಳೇ ಹೋದ ಹಾಗೆ. ವೇಗ ಹೆಚ್ಚುತ್ತೆ, ನಿನ್ನೆ ದಡದ ಮೇಲಿದ್ದ ಪೊದೆ ಮರ ಎಲ್ಲ ಇವತ್ತು ನೀರೊಳಗೆ ಬಂದಿರುತ್ತೆ, ಮೇಲಿನಿಂದ ಕೊಂಬೆ ದಿಮ್ಮಿ ತೇಲಿ ಬರ್ತವೆ. ನೀರು ಕೆಂಪಾಗಿ ಎಲೆ ಕಡ್ಡಿ ಹೊತ್ತು ಬರ್ತಿದ್ರೆ ಹೊಸಬರ ಕ್ಲಾಸ್ ಅವತ್ತು ಇಲ್ಲ, ಅಷ್ಟೆ. ಮಳೆ ನಿಂತ ಕೂಡಲೇ ಹೋಗಬಾರದು ಅನ್ನೋಕೆ ಇನ್ನೊಂದು ಕಾರಣ ಕೊಳಕು, ಎಲ್ಲ ಕಡೆಯ ಚರಂಡಿ ನೀರು ತೊಳ್ಕೊಂಡು ಹೊಳೆಗೆ ಬಂದಿರುತ್ತೆ, ಗಾಯ ಇದ್ದವರಿಗೆ ಇಲಿಜ್ವರದಂಥ ಸೋಂಕು ತಗಲೋ ಸಾಧ್ಯತೆ ಇರುತ್ತೆ, ಎರಡು ಮೂರು ದಿನ ಬಿಟ್ಟು ನೀರು ತಿಳಿ ಆದ ಮೇಲೆ ಹೋಗಿ.

ಮೂರನೇ ಜಾಗದ ಬಗ್ಗೆ. ಹರಿಯೋ ನೀರು ಎಷ್ಟು ಕಷ್ಟ ಅಂತ ಹೇಳೋ ಒಂದರಿಂದ ಆರರವರೆಗಿನ ದರ್ಜೆ ಇದೆಯಲ್ಲ, ಅದರಲ್ಲಿ ಒಂದನೇದು ಅಂದ್ರೆ ಸಣ್ಣ ಅಲೆ, ಅಡೆತಡೆ ಕಮ್ಮಿ, ಈಜಿ ಹೊರಗೆ ಬರೋದು ಸುಲಭ ಅಂತ ಅರ್ಥ, ಹೊಸಬರಿಗೆ ಅದೇ ಬೇಕಾದ್ದು. ಆದ್ರೆ ದರ್ಜೆ ಹೇಳೋದು ಎಂದಿನ ಮಟ್ಟದ ನೀರಿನ ಬಗ್ಗೆ, ಕಳೆದ ವಾರ ಬಿದ್ದ ಮರದ ಬಗ್ಗೆ ಅದಕ್ಕೆ ಗೊತ್ತಿರಲ್ಲ, ಅಣೆಕಟ್ಟಿನವರು ಮಧ್ಯಾಹ್ನ ಗೇಟ್ ತೆಗೆಯೋದು ಅಂತೂ ಗೊತ್ತೇ ಇರಲ್ಲ. ಕರೆಂಟಿಗೆ ಬೇಡಿಕೆ ಹೆಚ್ಚಾದ ಹೊತ್ತಿಗೆ ಟರ್ಬೈನ್ ಓಡಿಸ್ತಾರೆ, ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ರೂ ಕೆಲವೇ ನಿಮಿಷದಲ್ಲಿ ಹೊಳೆ ಏರುತ್ತೆ. ಅದಕ್ಕಿಂತ ನನಗೆ ಕಾಡೋದು ಆ 5 ಕಿಲೋಮೀಟರ್. ಹೊರಟ ಮೇಲೆ ಕೊನೆವರೆಗೂ ಹೋಗಲೇಬೇಕು ಅನ್ನೋ ಜಾಗ ಪಾಠಕ್ಕೆ ಆಗಲ್ಲ. ಒಬ್ಬರಿಗೆ ಚಳಿ ಹಿಡೀತು, ಒಬ್ಬ ಮಗು ಅಳೋಕೆ ಶುರು ಮಾಡ್ತು, ಅರ್ಧ ದಾರಿಯಲ್ಲಿ ದಡ ಹತ್ತಿ ನಡ್ಕೊಂಡು ವಾಪಸ್ ಬರೋ ಹಾಗಿರಬೇಕು. ಈ ಎಂಟು ಜನಕ್ಕೆ ಎಡ್ಡಿ ಒಳಗೆ ಹೋಗೋದು ಹೊರಗೆ ಬರೋದು ಕೈಗೆ ಕೂತ ಮೇಲೆ, ನೀರು ಬಿಡೋ ವೇಳೆ ಅಣೆಕಟ್ಟಿನವರನ್ನ ಕೇಳ್ಕೊಂಡು, ಆಗ ಕರ್ಕೊಂಡು ಹೋಗಿ.

ಇನ್ನು ನಾನು ಆರಿಸಿದ ಜಾಗ. ಅಲ್ಲಿಗೆ ನೀವೊಬ್ಬರೇ ಅಲ್ಲ, ಇನ್ನೊಬ್ಬ ಅನುಭವಸ್ಥರ ಜೊತೆ, ಕ್ಲಾಸಿನ ಹಿಂದಿನ ದಿನ ಒಮ್ಮೆ, ಅವತ್ತು ಬೆಳಿಗ್ಗೆ ಮತ್ತೊಮ್ಮೆ ಹೋಗಿ. ಎರಡೂ ದಡ ನಡೆದು ನೋಡಿ, ಮುಖ್ಯವಾಗಿ ಕೆಳಗಿನಿಂದ ಮೇಲಕ್ಕೆ ನಡೀತಾ ನೋಡಿ, ಮೇಲಿನಿಂದ ನೋಡಿದಾಗ ಬಂಡೆ ಹಿಂದೆ ಅಡಗಿದ್ದ ಕೊಂಬೆ, ತಂತಿ, ಹಳೇ ಕಬ್ಬಿಣದ ಸರಳು ಎಲ್ಲ ಆಗ ಕಾಣುತ್ತೆ. ಹತ್ತು ಮೀಟರ್ ಹಗ್ಗ ಹಿಡಿದು ದಡದಲ್ಲಿ ಗುರುತು ಮಾಡ್ಕೊಳ್ಳಿ, ಮಧ್ಯದ ಹರಿವಿಗೆ ಒಣ ಕಡ್ಡಿ ಎಸೆದು ಗಡಿಯಾರ ನೋಡಿ. ಇಪ್ಪತ್ತು ಸೆಕೆಂಡ್ ತಗೊಂಡ್ರೆ ಸೆಕೆಂಡಿಗೆ ಅರ್ಧ ಮೀಟರ್, ನಿಮಗೆ ಬೇಕಾದ್ದು ಅದೇ, ಮೂವತ್ತು ಸೆಕೆಂಡ್ ಆದ್ರೂ ಒಳ್ಳೇದೇ. ಹತ್ತು ಸೆಕೆಂಡಲ್ಲಿ ಹೋಗಿಬಿಟ್ರೆ ಸೆಕೆಂಡಿಗೆ ಒಂದು ಮೀಟರ್, ಹೊಸಬರು ಉಸಿರು ಬಿಗಿಹಿಡಿದು ಪ್ಯಾಡಲ್ ಮಾಡಿದ್ರೂ ಹೆಚ್ಚುಕಮ್ಮಿ ಅಷ್ಟೇ ವೇಗದಲ್ಲಿ ಹೋಗೋದು, ಅಂದ್ರೆ ಹರಿವಿಗೆ ಎದುರಾಗಿ ವಾಪಸ್ ಬರೋಕೆ ಅವರ ಕೈಲಿ ಆಗಲ್ಲ. ವಾಪಸ್ ಬರೋಕಾಗದ ನೀರಲ್ಲಿ ಕಲಿಸೋಕೆ ಹೋಗಬೇಡಿ.

ಆಮೇಲೆ ಜಾಕೆಟ್ಟು ಹೆಲ್ಮೆಟ್ಟು ಹಾಕ್ಕೊಂಡು, ಜೊತೆಯವರನ್ನ ಹಗ್ಗ ಕೊಟ್ಟು ಕೆಳಗೆ ನಿಲ್ಸಿ, ನೀವೇ ಒಮ್ಮೆ ಆ ನೀರಲ್ಲಿ ತೇಲಿ ಬನ್ನಿ. ಕೈಕಾಲು ಹೆಚ್ಚು ಆಡಿಸದೆ ಸುಮ್ನೆ ತೇಲಿ. ನಾನು ಹೇಳಿದ ಆ ಒಂದು ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತೆ, ನಕ್ಷೆ ನೋಡಿ ಸಿಗಲ್ಲ. ನೀರು ನಿಮ್ಮನ್ನ ತಾನಾಗಿ ಮಡುವಿಗೆ ತಂದು ಬಿಟ್ರೆ ಜಾಗ ಸರಿಯಿದೆ. ಯಾವುದಾದ್ರೂ ಬೇರಿನ ಬುಡಕ್ಕೋ ಕೊರೆದ ದಡದ ಕೆಳಕ್ಕೋ ತಳ್ಳಿದ್ರೆ, ಆ ತುಂಡು ಬಿಟ್ಟು ಇನ್ನೂ ಕೆಳಗಿನಿಂದ ಶುರು ಮಾಡಿ.

ತಿರುವಲ್ಲಿ ಬಿದ್ದಿರೋ ಮರದ ವಿಷಯ ಇದಕ್ಕೇ ಹೇಳಿದ್ದು. ತಿರುವಲ್ಲಿ ರಭಸದ ನೀರೆಲ್ಲ ಹೊರ ಅಂಚಿಗೆ ಹೋಗುತ್ತೆ, ಅಲ್ಲೇ ದಡ ಕೊರೆಯುತ್ತೆ, ಕೊರೆದ ಕಡೆಯೇ ಮರ ಉರುಳುತ್ತೆ, ಹಾಗಾಗಿ ಮರ ಇರೋ ಜಾಗಕ್ಕೇ ನೀರು ಬೋಟನ್ನೂ ಎಳ್ಕೊಂಡು ಹೋಗೋದು, ಅದು ಕಾಕತಾಳೀಯ ಅಲ್ಲ. ನೀರು ಕೊಂಬೆಗಳ ಮಧ್ಯೆ ನುಗ್ಗಿ ಹೋಗುತ್ತೆ, ಮನುಷ್ಯ ಮಾತ್ರ ಜರಡಿಯಲ್ಲಿ ಜಲ್ಲಿ ನಿಂತ ಹಾಗೆ ನಿಂತುಬಿಡ್ತಾನೆ. ಇಂಗ್ಲಿಷಲ್ಲಿ ಇದಕ್ಕೆ ಸ್ಟ್ರೇನರ್ ಅಂತಾರೆ, ನಿಧಾನದ ನೀರಲ್ಲೂ ಇದು ಬಲು ಕೆಟ್ಟದ್ದು. ಮರ ಕಡಿದು ತೆಗೆಸ್ತೀನಿ ಅಂತ ಹೋಗಬೇಡಿ, ನೀರಲ್ಲಿ ನಿಂತು ಮರ ಕಡಿಯೋದು ಬೇರೆಯದೇ ಅಪಾಯ, ಅದರಿಂದ ಕೆಳಗೆ ಒಂದು ಗುರುತು ಇಟ್ಟು ಇಲ್ಲಿಂದ ಮೇಲೆ ಯಾರೂ ಹೋಗೋ ಹಾಗಿಲ್ಲ ಅಂತ ಹೇಳಿ.

ಪಾಠದ ಕ್ರಮ ಹೀಗಿರಲಿ. ಮೊದಲ ಒಂದು ಗಂಟೆ ಪೂರ್ತಿ ಮಡುವಿನಲ್ಲೇ, ನೇರ ಹೋಗೋದು, ನಿಲ್ಸೋದು, ತಿರುಗಿಸೋದು, ಬೇಕಂತಲೇ ಮಗುಚಿ ಹೊರಗೆ ಬರೋದು. ಆಮೇಲೆ ಹರಿವು ಬಂದು ಮಡು ಸೇರೋ ಬಾಲದ ತುದಿ ಇದೆಯಲ್ಲ, ರಭಸ ಸತ್ತುಹೋಗಿರೋ ಜಾಗ, ಅಲ್ಲಿ ಹರಿವನ್ನ ಅಡ್ಡ ದಾಟಿಸಿ. ಅದು ಬಂತಾ, ಐದು ಮೀಟರ್ ಮೇಲೆ ಹೋಗಿ ಅದನ್ನೇ ಮಾಡಿಸಿ. ಹೀಗೆ ಕೆಳಗಿನಿಂದ ಮೇಲಕ್ಕೆ ಹೋದ್ರೆ ಪ್ರತಿ ಹೆಜ್ಜೆಗೂ ನೀರು ಸ್ವಲ್ಪ ಸ್ವಲ್ಪ ಜೋರಾಗುತ್ತೆ, ಬಿದ್ದವರು ಯಾವಾಗ್ಲೂ ಈಗಾಗಲೇ ಪರಿಚಯ ಇರೋ ನೀರಿಗೇ ಬೀಳ್ತಾರೆ. ತುಂಬಾ ಜನ ಮೇಷ್ಟ್ರುಗಳು ಮೇಲಿನಿಂದ ಬಿಟ್ಟು ಕೆಳಗೆ ಕಾಯ್ತಾರೆ, ಅದು ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಹೊಸಬರು ಹೆಚ್ಚಾಗಿ ಮಗುಚೋದು ಎಡ್ಡಿಯಿಂದ ಹರಿವಿಗೆ ದಾಟೋ ಗೆರೆಯಲ್ಲಿ, ಯಾಕಂದ್ರೆ ಒಂದು ಕಡೆ ನಿಂತ ನೀರು, ಇನ್ನೊಂದು ಕಡೆ ಓಡೋ ನೀರು, ಆ ಓಡೋ ನೀರು ಬೋಟಿನಲ್ಲಿ ತಾನು ಬರೋ ಕಡೆಯ ಅಂಚನ್ನ ಹಿಡಿದು ಕೆಳಗೆ ಎಳೆಯುತ್ತೆ, ಇವರು ಹೆದರಿ ಆ ಕಡೆಗೇ ವಾಲ್ತಾರೆ, ಮುಗೀತು. ಎರಡರ ವೇಗಕ್ಕೂ ಹೆಚ್ಚು ವ್ಯತ್ಯಾಸ ಇಲ್ಲದ ಕಡೆ, ಗೆರೆ ಮಸುಕಾಗಿ ಅಗಲವಾಗಿ ಇರೋ ಕಡೆ ಕಲಿಸಿದ್ರೆ ತಪ್ಪು ಮಾಡಿದ್ರೂ ಸರಿಪಡಿಸ್ಕೊಳ್ಳೋಕೆ ಒಂದು ಕ್ಷಣ ಸಿಗುತ್ತೆ.

ಈಜು ಬಾರದ ಮೂವರ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗೇ ಹೇಳ್ತೀನಿ. ಕಯಾಕಿಂಗಿಗೆ ಸಾಮಾನ್ಯವಾಗಿ ಹಾಕೋ 50 ನ್ಯೂಟನ್ ಜಾಕೆಟ್ ಸುಮಾರು 5 ಕೆಜಿ ಭಾರ ಎತ್ತುತ್ತೆ, ಅದು ಈಜು ಬಲ್ಲವರಿಗೆ, ದಡ ಅಥವಾ ಸಹಾಯ ಹತ್ರ ಇರೋ ಕಡೆಗೆ ಅಂತಲೇ ಮಾಡಿದ್ದು. ಮುಖ ಮೇಲೆ ಮಾಡಿ ತಿರುಗಿಸೋ ಕೆಲಸ ಅದು ಮಾಡಲ್ಲ. ಈಜು ಬಾರದವರಿಗೆ 100 ನ್ಯೂಟನ್ನಿನದ್ದು ಕೊಡಿ, ಪ್ಯಾಡಲ್ ಮಾಡೋಕೆ ಸ್ವಲ್ಪ ಅಡ್ಡ ಬರುತ್ತೆ, ಬರಲಿ. ಆದ್ರೂ ಮೊದಲ ದಿನ ಅವರನ್ನ ಹರಿವಿಗೆ ಬಿಡಬೇಡಿ, ಮಡುವೇ ಸಾಕು, ಮುಖ ನೀರಲ್ಲಿ ಮುಳುಗಿಸಿ ಉಸಿರು ಬಿಡೋಕೆ ಬಾರದವರು ಜಾಕೆಟ್ ತೇಲಿಸ್ತಿದ್ರೂ ನೀರು ಕುಡೀತಾರೆ. ಪ್ಯಾಡಲ್ ಬೋರ್ಡಿನವರಿಗೆ ಒಂದೇ ಮಾತು, ಕಣಕಾಲಿಗೆ ಕಟ್ಟೋ ಲೀಶ್, ಅಂದ್ರೆ ಬೋರ್ಡು ದೂರ ಹೋಗದ ಹಾಗೆ ಹಿಡಿಯೋ ಹಗ್ಗ, ಹರಿಯೋ ನೀರಲ್ಲಿ ಬೇಡ. ಬೋರ್ಡ್ ಕಲ್ಲಿನ ಒಂದು ಪಕ್ಕ, ಮನುಷ್ಯ ಇನ್ನೊಂದು ಪಕ್ಕ ಹೋದ್ರೆ, ರಭಸದಲ್ಲಿ ಬಗ್ಗಿ ಕಣಕಾಲಿನ ಪಟ್ಟಿ ಬಿಚ್ಚೋಕೆ ಯಾರ ಕೈಲೂ ಆಗಲ್ಲ. ಸೊಂಟದಲ್ಲಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳೋ ಬೆಲ್ಟ್ ಇದ್ರೆ ಸರಿ, ಇಲ್ದಿದ್ರೆ ಮಡುವಿನಲ್ಲಿ ಲೀಶೇ ಇಲ್ಲದೆ ಆಡಲಿ.

ನೀರು 15 ಡಿಗ್ರಿಗಿಂತ ತಣ್ಣಗಿದ್ರೆ ಲೆಕ್ಕ ಬದಲಾಗುತ್ತೆ. ತಣ್ಣೀರು ಮೈಗೆ ಏನು ಮಾಡುತ್ತೆ ಅಂತ ಸಂಶೋಧನೆ ಮಾಡಿದ ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳೋ 1-10-1 ಸೂತ್ರ ನೆನಪಿಟ್ಕೊಳ್ಳೋಕೆ ಸುಲಭ, ತೀರಾ ತಣ್ಣೀರಲ್ಲಿ ಬಿದ್ರೆ ಏದುಸಿರು ಹತೋಟಿಗೆ ಬರೋಕೆ 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳೋದು 10 ನಿಮಿಷ, ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಅಂಥ ನೀರಲ್ಲಿ ಮೈ ಬೆಚ್ಚಗಿಡೋ ವೆಟ್‌ಸೂಟ್ ಉಡುಪು ಇಲ್ಲದೆ ಮಗುಚೋ ಪಾಠ ಮಾಡಿಸಬೇಡಿ. ಗಾಳಿಯನ್ನೂ ನೋಡ್ಕೊಳ್ಳಿ, ಅಗಲದ ಜಾಗಕ್ಕೆ ಹೋಲಿಸಿದ್ರೆ ನಿಮ್ಮ ಕಿರಿದಾದ ಹೊಳೆಯಲ್ಲಿ ಅದರ ಕಾಟ ಕಮ್ಮಿ.

ಒಬ್ಬರೇ ಎಂಟು ಜನಕ್ಕೆ ಕಲಿಸೋದು ಹರಿಯೋ ನೀರಲ್ಲಿ ನಾನು ಮಾಡಲ್ಲ, ನೀವೂ ಮಾಡಬೇಡಿ. ನಾಲ್ಕು ಜನದ ಎರಡು ಗುಂಪು ಮಾಡಿ, ಒಂದು ಗುಂಪು ನೀರಲ್ಲಿದ್ದಾಗ ಇನ್ನೊಂದು ದಡದಲ್ಲಿ. ಹರಿವು ಮಡು ಸೇರೋ ಕಡೆ ಥ್ರೋ ಬ್ಯಾಗ್ (ಬಿದ್ದವರಿಗೆ ಎಸೆಯೋ, ಹಗ್ಗ ತುಂಬಿದ ಚೀಲ) ಎಸೆಯೋಕೆ ಬರೋ ಒಬ್ಬರು ದಡದಲ್ಲಿ ಇರಲೇಬೇಕು, 15 ಇಪ್ಪತ್ತು ಮೀಟರ್ ಹಗ್ಗ ಆ ಕಿರಿದಾದ ಹೊಳೆಗೆ ಸಾಕು, ಆದ್ರೆ ಮೊದಲ ಸಲ ಎಸೆಯೋದು ನಿಜವಾಗಿ ಬಿದ್ದವರಿಗೇ ಆಗಬಾರದು, ಬೆಳಿಗ್ಗೆ ಹತ್ತು ಸಲ ಎಸೆಸಿ ನೋಡಿ. ನೀರಿನ ಅಂಚಲ್ಲಿ ಒಂದು ಕೋಲು ನೆಟ್ಟು ಆಗಾಗ ನೋಡ್ತಿರಿ, ಅಂಚು ಕೋಲನ್ನ ದಾಟಿ ಮೇಲೆ ಬಂದಿದ್ರೆ ಕಾರಣ ಹುಡುಕೋಕೆ ಹೋಗದೆ ಎಲ್ಲರನ್ನೂ ಹೊರಗೆ ಕರೀರಿ. ಫೋನ್ ಸಿಗ್ನಲ್ ಎಲ್ಲಿ ಸಿಗುತ್ತೆ, ಗಾಡಿ ಎಲ್ಲಿವರೆಗೆ ಬರುತ್ತೆ ಅನ್ನೋದನ್ನೂ ಹಿಂದಿನ ದಿನವೇ ನೋಡಿಟ್ಕೊಳ್ಳಿ.

ಕೊನೆಗೆ ಮಕ್ಕಳ ಜೋಡಿ ಕಯಾಕ್. ಮಡುವಿನಲ್ಲಿ ಧಾರಾಳವಾಗಿ ಕೂರಿಸಿ, ಜಗಳ ಆಡ್ತಾ ಸುತ್ತುತಾರೆ, ಅಪಾಯ ಇಲ್ಲ. ಹರಿವಿಗೆ ಬಂದಾಗ ಇಬ್ಬರನ್ನೂ ಬೇರೆ ಮಾಡಿ, ಯಾಕಂದ್ರೆ ಆ ಬೋಟು ಮಗುಚಿದ್ರೆ ಒಂದೇ ಸಲ ಇಬ್ಬರು ಮಕ್ಕಳು ನೀರಲ್ಲಿ, ಜೊತೆಗೆ ನೀರು ತುಂಬಿ ನೂರಾರು ಕೆಜಿ ಆದ ಬೋಟು, ನೀವೊಬ್ಬರು. ಒಂದೊಂದು ಮಗುವಿಗೆ ಮೇಲೆ ಕೂರೋ ಥರದ ಹಗುರ ಕಯಾಕ್ ಕೊಡಿ, ಮಗುಚಿದ್ರೂ ಅದರಲ್ಲಿ ಕಾಲು ಸಿಕ್ಕೊಳ್ಳಲ್ಲ, ನೀರೂ ತುಂಬಲ್ಲ. ಅದು ಸಿಗದಿದ್ರೆ ಜೋಡಿ ಕಯಾಕಲ್ಲಿ ಒಂದು ಮಗು ಮುಂದೆ, ಈಜು ಬಲ್ಲ ದೊಡ್ಡವರು ಹಿಂದೆ. ಮಗುಚಿದ ಬೋಟಿನ ಕೆಳಗಡೆ, ಅಂದ್ರೆ ಬೋಟಿಗೂ ಮುಂದಿನ ಕಲ್ಲಿಗೂ ಮಧ್ಯೆ, ಯಾವತ್ತೂ ಇರಬಾರದು ಅನ್ನೋದನ್ನ ಮಡುವಿನಲ್ಲೇ ಆಟದ ಥರ ಮಾಡಿಸಿ, ಬೋಟು ಮುಂದೆ ನಾನು ಹಿಂದೆ ಅಂತ. 12ರ ಮಕ್ಕಳು ಇದನ್ನ ಎರಡು ಸಲಕ್ಕೆ ಕಲ್ತುಬಿಡ್ತಾರೆ, ನನ್ನ ಅನುಭವದಲ್ಲಿ ಹತ್ತು ಸಲ ಹೇಳಿಸ್ಕೊಳ್ಳೋರು ಅವರ ಅಪ್ಪಂದಿರೇ.